ಎಳೆಯ ಮಕ್ಕಳ ಬರಹದ ತೊಡಕುಗಳು



ಮೊದಲೆರಡು ತರಗತಿಗಳ ಮಕ್ಕಳ ಬರವಣಿಗೆಯನ್ನು ಕುರಿತು ನಾಲ್ಕು ಮಾತುಗಳನ್ನು ವಿಜ್ಞಾಪಿಸಬೇಕೆಂದು ನನಗೆ ಅಪ್ಪಣೆಯಾಗಿರುವದು. ವಿಷಯವು ಅಲ್ಪವೆಂದು ತಾವು ಎಣಿಸಬಾರದಾಗಿ ಬೇಡುವೆನು.

ನಾನು ಉಪಾಧ್ಯಾಯವೃತ್ತಿಯನ್ನು ಕೈಕೊಂಡ ಮೊದಲ ವರ್ಷದಲ್ಲಿ ಒಬ್ಬ ಹುಡುಗನು ‘ಹಕ್ಕಿ’ ಎಂದು ಬರೆಯಬೇಕಾದಲ್ಲಿ ‘ಅಕ್ಕಿ’ ಎಂದು ಬರೆದನು. ‘ನಿಮ್ಮ ಮನೆಯ ಅಕ್ಕಿಗೆ ರೆಕ್ಕೆಗಳುಂಟೋ?’ ಎಂದು ನಾನು ಕೇಳಲು ತರಗತಿಯೆಲ್ಲವೂ ನಕ್ಕಿತು. ಅಂದಿನಿಂದ ಆ ಮಗುವು ಉಕ್ತಲೇಖನದ ಹೊತ್ತಿಗೆ ಬಳಪವನ್ನೇ ಎತ್ತಲಿಲ್ಲ. ವಿಚಾರಿಸಿದರೆ ತಪ್ಪು ಅವನದಲ್ಲ. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳ ಮಾತಿನಲ್ಲಿ ಹಕಾರವು ಬಿದ್ದುಹೋಗುವದು. ತಾಯಿಯ ಬಾಯಿಂದ ಕೇಳಿದುದನ್ನೇ ಅವನು ಪ್ರಾಮಾಣಿಕವಾಗಿ ಬರೆದಿದ್ದನು. ಹಳಗನ್ನಡದ ‘ಪಾಲ್’ ಎಂಬುದು ‘ಹಾಲು’ ಆದುದನ್ನು ಪಂಡಿತರು ಭಾಷೆಯ ಬೆಳವಣಿಗೆಯೆನ್ನುವರು. ಆ ಹಾಲು ಮಗುವಿನ ಹಲಗೆಯಲ್ಲಿ ‘ಆಲು’ ಆದರೆ ಕಿವಿ ಹಿಂಡುವರು!

13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಋಕಾರ, ಶಕಾರ, ಷಕಾರ, ವಿಸರ್ಗ ಮೊದಲಾದವನ್ನು ಕಳೆದು, ಕನ್ನಡದ ಶುದ್ಧಾಕ್ಷರಗಳು 47 ಎಂದು ಗಣಿಸಿದನು. ಆತನು ಬೇರ್ಪಡಿಸಿದ ಅಕ್ಷರಗಳಲ್ಲಿಯೇ ನಮ್ಮ ಮಕ್ಕಳು ಇಂದಿಗೂ ಎಡವುವದು ನೋಡತಕ್ಕ ಸಂಗತಿಯು. ‘ಋಷಿ’ಯು ‘ರುಸಿ’ಯಾಗುವದು. ಮಹಾಪ್ರಾಣಗಳ ಪಾಡೂ ಇದೇ. ಅಚ್ಚಗನ್ನಡದ ಮಾತುಗಳಲ್ಲಿ ಅವು ಬಹು ವಿರಳವಾದುದರಿಂದ ‘ಧನ’ಕ್ಕೂ ‘ದನ’ಕ್ಕೂ ಮಗುವಿನ ಕಿವಿಯು ಭೇದವರಿಯದು.

ಅರ್ಕಾವತ್ತಿನ ತೊಡಕಂತೂ ಬೇರೆಯೇ. ‘ಸೂರ್ಯ’ ಎಂಬಲ್ಲಿ ಕಿವಿಯು ರಕಾರವನ್ನು ಮೊದಲು ಕೇಳುವದು. ಕೈಯಾದರೋ ಯಕಾರವನ್ನು ಬರೆದು ಅದರ ಹಿಂದೆ ಅರ್ಕವನ್ನಿಡಬೇಕು. ‘ಚಕ್ರ’ದಲ್ಲಿ ಕೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ. ಈ ಭೇದವನ್ನು ಬಿಡಿಸಿ ಹೇಳದೆ ಹತ್ತು ಸಲ ಬರೆಯಿರೆಂದರೆ ಮಗುವು ತಪ್ಪನ್ನೇ ಹತ್ತು ಸಲ ಅಭ್ಯಾಸಮಾಡುವದು.

ವ್ಯಾಕರಣದ ವಿಷಯದಲ್ಲಿ ಹೆಚ್ಚು ಹೇಳೆನು. ‘ನೀರು ಕುಡಿದೆ’ ಎಂಬ ಮಗುವಿಗೆ ‘ನೀರನ್ನು ಕುಡಿದೆನು’ ಎಂಬ ಗ್ರಂಥಸ್ಥ ರೂಪವನ್ನು ಕಲಿಸೋಣ; ಆದರೆ ಮನೆಯ ಮಾತು ಕೀಳೆಂದು ಕಲಿಸುವದು ಬೇಡ.

ಆ ಹುಡುಗನನ್ನು ಕೆಲವು ದಿನಗಳ ಮೇಲೆ ಹತ್ತಿರ ಕರೆದು, ಅಂಗೈಯನ್ನು ಬಾಯ ಮುಂದೆ ಹಿಡಿದು ‘ಅಕ್ಕಿ’, ‘ಹಕ್ಕಿ’ ಎಂದು ನುಡಿಯಹೇಳಿದೆನು. ಎರಡನೆಯದರಲ್ಲಿ ಉಸಿರು ಅಂಗೈಗೆ ತಾಕಿತು. ಅವನು ಮತ್ತೊಮ್ಮೆ ನುಡಿದು ನೋಡಿದನು. ಬಳಿಕ ತಾನಾಗಿಯೇ ಬಳಪವನ್ನು ತೆಗೆದುಕೊಂಡನು.