ಮೋಗ್ಲಿಗೆ ಕನ್ನಡ ಕಲಿಸಿದ್ದು ಯಾರು?

ಇವತ್ತು ರಾಜಕೀಯ ಬೇಡ. ಬೆಳಗ್ಗೆಯಿಂದ ಅದನ್ನೇ ನೋಡಿ ನಿಮಗೂ ಸಾಕಾಗಿದೆ, ಓದಿ ಓದಿ ನನಗೂ ಸಾಕಾಗಿದೆ. ಇವತ್ತು ಕಾರ್ಟೂನ್ ಬಗ್ಗೆ ಮಾತಾಡೋಣ. ನಗಬೇಡಿ. ಕೊನೆಗೆ ಇದು ಸುದ್ದಿಯ ವಿಷಯಕ್ಕೇ ಬಂದು ನಿಲ್ಲುತ್ತೆ.

ಕಳೆದ ಭಾನುವಾರ ನನ್ನ ಏಳು ವರ್ಷದ ಮಗಳಿಗೆ ನಾನು ಚಿಕ್ಕವನಿದ್ದಾಗ ನೋಡಿದ 'ಜಂಗಲ್ ಬುಕ್' ತೋರಿಸೋಣ ಅಂತ ಮೊಬೈಲ್ ಹಿಡಿದು ಕೂತೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರುತ್ತಿತ್ತಲ್ಲ, ಅದು. ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಎಣ್ಣೆ ಸ್ನಾನ ಅರ್ಧಕ್ಕೆ ಬಿಟ್ಟು, ಟವೆಲ್ ಸುತ್ತಿಕೊಂಡು ಓಡಿ ಬಂದವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು.

ಮಗಳಿಗೆ ಮೊದಲೇ ಬಿಲ್ಡಪ್ ಕೊಟ್ಟಿದ್ದೆ. "ನೋಡು ಪುಟ್ಟಿ, ಮೋಗ್ಲಿ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾನೆ" ಅಂತ. ವಿಡಿಯೋ ಶುರುವಾಯಿತು. ಎರಡು ನಿಮಿಷ ನೋಡಿದಳು. "ಅಪ್ಪಾ, ಇವನು ಹಿಂದಿ ಮಾತಾಡ್ತಿದ್ದಾನೆ" ಅಂದಳು.

ಇದು ಬೇರೆ ವಿಡಿಯೋ ಇರಬೇಕು ಅಂದುಕೊಂಡೆ. ಅರ್ಧ ಗಂಟೆ ಹುಡುಕಿದೆ. ಕನ್ನಡದ್ದು ಸಿಗಲಿಲ್ಲ. ಮಾರನೇ ದಿನ ನಮ್ಮ ನ್ಯೂಸ್ ರೂಮಿನಲ್ಲಿ ಪಂಥ ಕಟ್ಟಿದೆ. "ಕನ್ನಡದಲ್ಲೇ ಬರ್ತಿತ್ತು ಕಣ್ರೀ, ನಾನೇ ಕಣ್ಣಾರೆ ನೋಡಿದ್ದೀನಿ, ಕಿವಿಯಾರೆ ಕೇಳಿದ್ದೀನಿ" ಅಂದೆ. ಸೋತೆ. ಅದು ಮೂಲದಲ್ಲಿ ಜಪಾನಿನವರು ಮಾಡಿದ ಕಾರ್ಟೂನ್, 52 ಕಂತು. ನಮ್ಮ ದೂರದರ್ಶನ ಅದನ್ನು ಹಿಂದಿಗೆ ತಂದಿತ್ತು. ಶೀರ್ಷಿಕೆ ಗೀತೆ ಬರೆದವರು ಗುಲ್ಜಾರ್, ಸಂಗೀತ ವಿಶಾಲ್ ಭಾರದ್ವಾಜ್, ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್. ಹಾಗಾದರೆ ನನ್ನ ತಲೆಯಲ್ಲಿ ಕನ್ನಡ ಮಾತಾಡ್ತಿರೋ ಮೋಗ್ಲಿ ಯಾರು?

ಇನ್ನೊಂದು ವಿಷಯವೂ ಹೊಳೆಯಿತು. ನನ್ನ ನೆನಪಿನಲ್ಲಿ ಆ ಕಾಡು ಹಚ್ಚ ಹಸಿರು. ಆದರೆ ನಾವು ನೋಡ್ತಿದ್ದದ್ದು ಎದುರುಮನೆ ಟೀಚರಮ್ಮನ ಮನೆಯಲ್ಲಿ. ಅವರದು ಬ್ಲಾಕ್ ಅಂಡ್ ವೈಟ್ ಟಿವಿ! ಆ ಹಸಿರು ಎಲ್ಲಿಂದ ಬಂತು ಸ್ವಾಮಿ?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಆ ಕೆಲಸ ಮಾಡಲಿಲ್ಲ, ಆದರೂ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ. ನಿಮ್ಮ ಕಂಪ್ಯೂಟರ್, ಮೊಬೈಲ್‌ನಲ್ಲಿ ಡಿ-ರಾಮ್ ಅನ್ನೋ ಮೆಮೊರಿ ಇದೆ. ಅದರಲ್ಲಿರೋ ಮಾಹಿತಿಯನ್ನು ಒಮ್ಮೆ ಓದಿದರೆ ಆ ಜಾಗದ ಚಾರ್ಜ್ ಸೋರಿಹೋಗುತ್ತೆ. ಹಾಗಾಗಿ ಓದಿದ ಕೂಡಲೇ ಮತ್ತೆ ಬರೆದಿಡಬೇಕು. ಯಂತ್ರ ಇದ್ದದ್ದನ್ನು ಇದ್ದ ಹಾಗೇ ಬರೆದಿಡುತ್ತೆ. ನಮ್ಮ ತಲೆಯೂ ನೆನಪನ್ನು ತೆಗೆದಾಗೆಲ್ಲ ಮತ್ತೆ ಬರೆದಿಡುತ್ತೆ, ಆದರೆ ಇದ್ದ ಹಾಗೇ ಅಲ್ಲ. ಸ್ವಲ್ಪ ಸೇರಿಸುತ್ತೆ, ಸ್ವಲ್ಪ ಬಿಡುತ್ತೆ, ಬಣ್ಣ ಹಚ್ಚುತ್ತೆ. ಮೂವತ್ತು ವರ್ಷದಲ್ಲಿ ಆ ಕಾಡನ್ನು ನಾನು ಎಷ್ಟು ಸಲ ತೆಗೆದು ಮತ್ತೆ ಇಟ್ಟಿದ್ದೇನೋ! ಹಸಿರು ಹಚ್ಚಿದವನು ನಾನೇ.

ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. ಪಿಕಾಚು ಗೊತ್ತಲ್ಲ, ಪೋಕೆಮಾನ್‌ನ ಹಳದಿ ಪ್ರಾಣಿ? ಅದರ ಬಾಲದ ತುದಿ ಯಾವ ಬಣ್ಣ? ಕಪ್ಪು ಅಂದಿರಾ? ಕಪ್ಪು ಇರೋದು ಕಿವಿಯ ತುದಿ. ಬಾಲದ ತುದಿ ಹಳದಿಯೇ. ಷಿಕಾಗೋ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಚಿತ್ರಗಳನ್ನೇ ಜನರ ಮುಂದಿಟ್ಟರು. ಪಿಕಾಚುವನ್ನು ಚೆನ್ನಾಗಿ ಬಲ್ಲೆವು ಅನ್ನೋರಲ್ಲೂ ಹಲವರು ತಪ್ಪನ್ನೇ ಆರಿಸಿದರು. ಅದೂ ಹೆಚ್ಚಿನವರು ಒಂದೇ ತಪ್ಪನ್ನು!

ಇನ್ನೊಂದು ಕೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ. ಡಿಸ್ನಿಲ್ಯಾಂಡ್‌ನದು ಅನ್ನೋ ಹಾಗೆ ಒಂದು ಜಾಹೀರಾತು ಮಾಡಿ, ಅದರಲ್ಲಿ ಬಗ್ಸ್ ಬನ್ನಿ ಮೊಲವನ್ನು ಕೂರಿಸಿದರು. ಆಮೇಲೆ ಕೇಳಿದರೆ ನೂರಕ್ಕೆ 16 ಜನ "ಹೌದು, ಚಿಕ್ಕಂದಿನಲ್ಲಿ ನಾನು ಅಲ್ಲಿ ಬಗ್ಸ್ ಬನ್ನಿಯನ್ನು ನೋಡಿದ್ದೆ, ಕೈ ಕುಲುಕಿದ್ದೆ" ಅಂದರು. ತಮಾಷೆ ಏನು ಗೊತ್ತಾ? ಬಗ್ಸ್ ಬನ್ನಿ ಡಿಸ್ನಿಯವರದೇ ಅಲ್ಲ, ವಾರ್ನರ್ ಬ್ರದರ್ಸ್‌ನವರದು. ಅಲ್ಲಿಗೆ ಆ ಮೊಲ ಬರೋ ಹಾಗೇ ಇಲ್ಲ. ಅವರೆಲ್ಲ ಸುಳ್ಳು ಹೇಳಿದರಾ? ಇಲ್ಲ. ಅವರು ನಂಬಿದ್ದರು. ನಾನು ನಂಬಿದ್ದ ಹಾಗೆ.

ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ನನಗಿಂತ ಏಳು ವರ್ಷ ದೊಡ್ಡವಳು. "ಅಕ್ಕ, ಮೋಗ್ಲಿ ಕನ್ನಡ ಮಾತಾಡ್ತಿದ್ದ ಅಲ್ವಾ?" ಅಂದೆ. ಆ ಕಡೆಯಿಂದ ಜೋರು ನಗು.

"ಅಯ್ಯೋ ಮಂಕೇ, ಮಾತಾಡ್ತಿದ್ದದ್ದು ನಾನು! ಹಿಂದಿ ಮಧ್ಯಮ ಪರೀಕ್ಷೆಗೆ ಕಟ್ಟಿದ್ನಲ್ಲ? ನಿನ್ನ ಪಕ್ಕ ಕೂತು ಕಿವಿಯಲ್ಲಿ ಕನ್ನಡದಲ್ಲಿ ಹೇಳ್ತಿದ್ದೆ. ಒಂದು ಮಾತು ನಿಲ್ಲಿಸಿದ್ರೆ ತೊಡೆ ಚಿವುಟ್ತಿದ್ದೆ ನೀನು. ಅರ್ಧ ನನಗೂ ಅರ್ಥ ಆಗ್ತಿರ್ಲಿಲ್ಲ ಕಣೋ. ಶೇರ್ ಖಾನ್ ಘರ್ಜಿಸಿದ್ರೆ, ಪಾಪ ಅವನಿಗೆ ಹೊಟ್ಟೆನೋವು ಅಂತಿದ್ದೆ."

ನಾನು ಮಾತಾಡಲಿಲ್ಲ. ಯಾಕೆ ಅಂದರೆ ಶೇರ್ ಖಾನ್‌ಗೆ ಹೊಟ್ಟೆನೋವು ಬಂದಿದ್ದು ನನಗೆ ಚೆನ್ನಾಗಿ ನೆನಪಿತ್ತು!

ನೋಡಿ, ಮೋಗ್ಲಿ ನೆನಪಿದ್ದಾನೆ, ಭಾಲೂ ನೆನಪಿದ್ದಾನೆ, ಬಘೀರಾ ನೆನಪಿದ್ದಾನೆ. ಪಕ್ಕದಲ್ಲಿ ಕೂತು ಕಥೆ ಹೇಳಿದ ಅಕ್ಕ ನೆನಪಿಂದ ಹೋಗಿಬಿಟ್ಟಿದ್ದಳು. ಅವಳ ದನಿ ಉಳಿದಿತ್ತು, ಅದನ್ನು ಇನ್ಯಾರದೋ ಹೆಸರಿಗೆ ಬರೆದುಕೊಂಡಿದ್ದೆ. ಪಿಯುಸಿ ಮುಗಿಸಿದ ಮೇಲೆ ಅಕ್ಕನ ಓದು ನಿಂತಿತು. ಮನೆಯಲ್ಲಿ ಒಬ್ಬರನ್ನು ಓದಿಸುವಷ್ಟು ದುಡ್ಡಿತ್ತು, ಆ ಒಬ್ಬ ನಾನಾದೆ. ಇವತ್ತು ಟಿವಿಯಲ್ಲಿ ಮಾತಾಡಿ ಸಂಬಳ ತಗೊಳ್ಳೋನು ನಾನು. ನಮ್ಮ ಮನೆಯ ಮೊದಲ ಆಂಕರ್ ಅವಳು. ಅದನ್ನು ಯಾವತ್ತೂ ಯಾರ ಮುಂದೆಯೂ ಹೇಳಿರಲಿಲ್ಲ. ಇವತ್ತು ಹೇಳ್ತಿದ್ದೀನಿ.

ಡಬ್ಬಿಂಗ್ ಬೇಕೋ ಬೇಡವೋ ಅಂತ ಕರ್ನಾಟಕದಲ್ಲಿ ದಶಕಗಟ್ಟಲೆ ಜಗಳ ನಡೆದಿದೆ. ಕನ್ನಡದಲ್ಲೇ ಕಾರ್ಟೂನ್ ತೋರಿಸೋ ಚಿಂಟು ಟಿವಿ ಬಂದಿದ್ದು 2009ರಲ್ಲಿ. ಆಗ ನನ್ನ ಇಂಜಿನಿಯರಿಂಗ್ ಮುಗಿದಿತ್ತು. ಅಲ್ಲಿಯವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಡಬ್ಬಿಂಗ್ ನಡೆದೇ ಇತ್ತು. ಅಕ್ಕಂದಿರು ಮಾಡುತ್ತಿದ್ದರು, ಅತ್ತೆ ಚಿಕ್ಕಮ್ಮಂದಿರು ಮಾಡುತ್ತಿದ್ದರು. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬರಲಿಲ್ಲ, ಅಷ್ಟೇ.

ಈಗ ಸುದ್ದಿಗೆ ಬರ್ತೀನಿ. ನಮ್ಮ ವೃತ್ತಿ ನಿಂತಿರೋದೇ "ನಾನು ಕಣ್ಣಾರೆ ಕಂಡೆ" ಅನ್ನೋ ಮಾತಿನ ಮೇಲೆ. ಅಪಘಾತ ಆದ ಹತ್ತು ನಿಮಿಷಕ್ಕೆ ಮೈಕ್ ಹಿಡೀತೀವಿ. ಒಬ್ಬ ಕಾರು ಕೆಂಪು ಅಂತಾನೆ, ಇನ್ನೊಬ್ಬ ಬಿಳಿ ಅಂತಾನೆ. ಜೋರಾಗಿ ಹೇಳಿದವನ ಮಾತು ಬ್ರೇಕಿಂಗ್ ನ್ಯೂಸ್ ಆಗುತ್ತೆ. ಅದನ್ನೇ ದಿನಕ್ಕೆ ಐವತ್ತು ಸಲ ತೋರಿಸ್ತೀವಿ. ಸಂಜೆ ಹೊತ್ತಿಗೆ ಬಿಳಿ ಅಂದವನಿಗೂ ಕೆಂಪು ಕಾರೇ ನೆನಪಾಗುತ್ತೆ. ಆ ಬಗ್ಸ್ ಬನ್ನಿ ಜಾಹೀರಾತಿಗೂ ನಮಗೂ ವ್ಯತ್ಯಾಸ ಏನು ಉಳಿಯಿತು? ಬಾಲ್ಯದ ಕಾರ್ಟೂನ್ ತಪ್ಪಾಗಿ ನೆನಪಾದರೆ ಹೋಗೋದು ಒಂದು ಪಂಥ. ಮನುಷ್ಯನ ಮುಖ ತಪ್ಪಾಗಿ ನೆನಪಾದರೆ ಒಬ್ಬ ಅಮಾಯಕ ಜೈಲಿಗೆ ಹೋಗ್ತಾನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅದನ್ನು ನಮ್ಮ ನ್ಯೂಸ್ ರೂಮಿನ ಗೋಡೆಗೆ ಬರೆಸೋಣ ಅಂತಿದ್ದೀನಿ. ಮೊದಲು ನನ್ನ ಮೇಜಿನ ಎದುರಿಗೆ.

ಮುಂದಿನ ಭಾನುವಾರ ಅಕ್ಕ ಮನೆಗೆ ಬರ್ತಿದ್ದಾಳೆ. ಮಗಳಿಗೆ ಜಂಗಲ್ ಬುಕ್ ತೋರಿಸ್ತೀವಿ, ಟಿವಿಯ ಸೌಂಡ್ ಆಫ್ ಮಾಡಿ. ಶೇರ್ ಖಾನ್‌ಗೆ ಮತ್ತೆ ಹೊಟ್ಟೆನೋವು ಬರಬೇಕು ಅನ್ನೋದು ನನ್ನ ಬೇಡಿಕೆ.

ನೀವೂ ಒಂದು ಕೆಲಸ ಮಾಡಿ. ನಿಮ್ಮ ಬಾಲ್ಯದ ಕಾರ್ಟೂನ್ ಯಾವುದೋ ನೆನಪು ಮಾಡಿಕೊಳ್ಳಿ. ಆಮೇಲೆ, ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು ಅಂತ ಯೋಚಿಸಿ. ಅವರು ಇದ್ದರೆ ಇವತ್ತೇ ಒಂದು ಫೋನ್ ಮಾಡಿ.