ಮದ್ದಿಗೆ ಬಗ್ಗದ ರೋಗಾಣು, ಲೆಕ್ಕಕ್ಕೆ ಬಾರದ ನಮ್ಮೂರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಆದರೂ ಆಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದರಲ್ಲಿ ಲೆಕ್ಕ ಇಡುವ ನನ್ನ ಕಸುಬಿನ ಪಾಲಿದೆ, ನಮ್ಮೂರಿನ ಪಾಲೂ ಇದೆ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಅರೆಬರೆ ಮದ್ದು ಕೊಟ್ಟರೆ ರೋಗಾಣು ಸಾಯದೆ ಅದನ್ನು ತಡೆದುಕೊಳ್ಳುವಂತಾಗುತ್ತದೆ ಎಂದು. ವರ್ಷಾನುವರ್ಷ ಹೊಲಕ್ಕೆ ಒಂದೇ ಔಷಧಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಡೆದುಕೊಂಡ ನಾಲ್ಕು ಹುಳು ಉಳಿದರೆ ಮುಂದೆ ಹೊಲದ ತುಂಬ ಅವುಗಳದೇ ಸಂತಾನ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷದಲ್ಲಿ ಎರಡಾಗುತ್ತದೆ. ಸಾಲದ್ದಕ್ಕೆ, ಮದ್ದು ತಡೆಯುವ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ, ಪರೀಕ್ಷೆಯಲ್ಲಿ ಚೀಟಿ ದಾಟಿಸಿದ ಹಾಗೆ. ಗುರುಗಳು ಕ್ಷಮಿಸಬೇಕು.

ಯಾವ ರೋಗಾಣು ಯಾವ ಮದ್ದಿಗೆ ಬಗ್ಗುತ್ತದೆ ಎಂಬುದು ಕಣ್ಣಿಗೆ ಕಾಣದು. ಲ್ಯಾಬಿನಲ್ಲಿ ಕಲ್ಚರ್ ಮಾಡಬೇಕು, ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಅಂದಾಜಿನ ಮೇಲೆ ಬರೆಯಲೇಬೇಕು. ಆ ಅಂದಾಜಿಗೆ ಆಧಾರವಾಗುವುದು ಸಾವಿರಾರು ಪರೀಕ್ಷೆಗಳ ಒಟ್ಟು ಲೆಕ್ಕ. ಅದು ಒಂದು ಆಸ್ಪತ್ರೆಯಿಂದ ಆಗುವ ಕೆಲಸವಲ್ಲ.

2010ರಲ್ಲಿ ಎನ್‌ಡಿಎಂ-1 ಎಂಬ ಜೀನಿನ ಹೆಸರಿನಲ್ಲಿ ನವದೆಹಲಿ ಇದೆಯೆಂದು ನಮ್ಮಲ್ಲಿ ದೊಡ್ಡ ಗದ್ದಲವಾಯಿತು. ಕೋಪ ಸಹಜವೇ. ಆದರೆ ಗದ್ದಲಕ್ಕಿಂತ ನನಗೆ ಮುಖ್ಯವೆನಿಸುವುದು 2013ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿದ ಕೆಲಸ. ದೊಡ್ಡ ಆಸ್ಪತ್ರೆಗಳ ಲ್ಯಾಬುಗಳನ್ನು ಅದು ಒಂದು ಜಾಲಕ್ಕೆ ಸೇರಿಸಿತು. ಪರೀಕ್ಷೆಯ ವಿಧಾನ ಒಂದೇ, ದಾಖಲಿಸುವ ನಮೂನೆಯೂ ಒಂದೇ. ಕೇಳಲು ಸಪ್ಪೆ, ಆದರೆ ಎಲ್ಲ ಇರುವುದು ಇದರಲ್ಲೇ. ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಮೊರದಲ್ಲಿ ಅಳೆದು ತಂದ ರಾಗಿಯನ್ನು ಕೂಡಿಸಿ ಲೆಕ್ಕ ಹೇಳಲಾಗದು.

2017ರ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ ಪಶುಪಾಲನೆ, ಪರಿಸರಗಳೂ ಸೇರಿದವು. ಬೇರೆಲ್ಲ ಮದ್ದು ಸೋತಾಗ ಐಸಿಯುನಲ್ಲಿ ಕೊಡುವ ಕೊಲಿಸ್ಟಿನ್ ಅನ್ನು ಕೋಳಿ ಬೇಗ ಬೆಳೆಯಲೆಂದು ಆಹಾರದಲ್ಲಿ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಸರ್ಕಾರದ ನೆರವಿನಿಂದ ನಮ್ಮ ದೇಶದಲ್ಲೇ ಬೆಳೆದ ನಾಫಿಥ್ರೊಮೈಸಿನ್ ಎಂಬ ನ್ಯುಮೋನಿಯಾ ಮದ್ದೂ 2024ರಲ್ಲಿ ಹೊರಬಂತು. ಸಂತೋಷ. ಆದರೆ ಅದಕ್ಕೆ ಹಿಡಿದದ್ದು ಹದಿನಾಲ್ಕು ವರ್ಷ. 20 ನಿಮಿಷದ ಎದುರು ಹದಿನಾಲ್ಕು ವರ್ಷ!

ಈಗ ನಮ್ಮೂರಿಗೆ ಬರುತ್ತೇನೆ. ಮಂಡಳಿಯ ಜಾಲದಲ್ಲಿ ಇರುವುದು ದೊಡ್ಡ ಆಸ್ಪತ್ರೆಗಳು. ಅಲ್ಲಿಗೆ ಹೋಗುವವರಲ್ಲಿ ಎಷ್ಟೋ ಜನ ಅದಾಗಲೇ ಎರಡು ಮೂರು ಮದ್ದು ತಿಂದು ಸೋತವರು. ನಮ್ಮೂರಿನ ಜ್ವರ, ಉರಿಮೂತ್ರ, ಹಸುವಿನ ಕೆಚ್ಚಲು ಬಾವು ಆ ಲೆಕ್ಕದಲ್ಲಿ ಇಲ್ಲ. "ಎರಡು ದಿನದ್ದು ಕೊಡಿ ಸಾಕು" ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವವರನ್ನು ಬೈಯುವುದು ಸುಲಭ. ದಿನದ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋದರೆ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು? ಹಾಗಾಗಿ ಮಾದರಿ ಲ್ಯಾಬಿಗೆ ಹೋಗಬೇಕೇ ಹೊರತು ರೋಗಿ ಅಲೆಯಬಾರದು.

ಈ ಶಾಲೆಯಲ್ಲಿ ಓದಿದವರಲ್ಲಿ ನರ್ಸ್‌ಗಳಿದ್ದೀರಿ, ಲ್ಯಾಬ್ ಟೆಕ್ನಿಷಿಯನ್‌ಗಳಿದ್ದೀರಿ, ಪಶುವೈದ್ಯರಿದ್ದೀರಿ, ಮೆಡಿಕಲ್ ಶಾಪ್ ಇಟ್ಟವರೂ ಇದ್ದೀರಿ. ಹೆಚ್1 ಪಟ್ಟಿಯ ಮದ್ದು ಮಾರಿದರೆ ರೋಗಿ, ವೈದ್ಯರು, ಮದ್ದಿನ ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮ 2014ರಿಂದಲೇ ಇದೆ. ಹೆಸರುಗಳನ್ನು ಬಿಟ್ಟು ಮದ್ದಿನ ಲೆಕ್ಕವನ್ನಷ್ಟೇ ತಿಂಗಳಿಗೊಮ್ಮೆ ಒಟ್ಟುಗೂಡಿಸಿದರೆ ನಮ್ಮ ಹೋಬಳಿ ಯಾವ ಮದ್ದನ್ನು ಎಷ್ಟು ನುಂಗುತ್ತಿದೆ ಎಂದು ತಿಳಿಯುತ್ತದೆ. ಅದಕ್ಕೆ ಬೇಕಾದ ತಂತ್ರಾಂಶವನ್ನು ನಾನು ಬರೆದುಕೊಡುತ್ತೇನೆ, ದುಡ್ಡು ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ವಾರಕ್ಕೆರಡು ಸಲ ಮಾದರಿಗಳನ್ನು ಜಿಲ್ಲಾ ಲ್ಯಾಬಿಗೆ ಕಳಿಸುವ ಏರ್ಪಾಡು ಮಾಡಿ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಮನವಿಯನ್ನೂ ಬರೆದು ತಂದಿದ್ದೇನೆ. ಊಟವಾದ ಮೇಲೆ ಎಂಟನೇ ತರಗತಿ ಕೊಠಡಿಯಲ್ಲಿ ಇರುತ್ತೇನೆ. ಓದಿ, ತಿದ್ದುವುದಿದ್ದರೆ ತಿದ್ದಿ, ಸಹಿ ಹಾಕಿ.