ತಾಯಿಯನ್ನು ಬಿಟ್ಟು ಅಂಗಸಾಧನೆಗೆ

ನಾಲ್ಕು ವರ್ಷದ ಮಗುವನ್ನು ಅಂಗಸಾಧನೆಯ ತರಗತಿಯಲ್ಲಿ ಗುರುಗಳ ವಶಕ್ಕೆ ಒಪ್ಪಿಸಿ ತಾಯಿತಂದೆಗಳು ಹೊರಟುಬರಬಹುದೆ, ಅಥವಾ ಪಾಠ ಮುಗಿಯುವವರೆಗೆ ಅಲ್ಲಿಯೇ ಕುಳಿತಿರಬೇಕೆ? ಕೇಳಿದ ಕೂಡಲೆ ಇದು ಬಹಳ ಚಿಕ್ಕ ಪ್ರಶ್ನೆಯೆಂದು ತೋರುವುದು. ಆದರೆ ಉಡುಪಿ, ಮಣಿಪಾಲಗಳಂಥ ಊರುಗಳಲ್ಲಿ ಗಂಡಹೆಂಡಿರಿಬ್ಬರೂ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಬ್ಯಾಂಕಿನಲ್ಲೋ ದುಡಿಯುವ ಸಂಸಾರಗಳು ಅನೇಕವಿರುವುದರಿಂದ, ಸಂಜೆಯ ಆ ಒಂದು ಗಂಟೆ ಯಾರ ಪಾಲಿಗೆ ಎಂಬುದು ಮನೆಮನೆಯ ಚರ್ಚೆಯಾಗಿದೆ. ಬಿಟ್ಟುಬಂದರೆ ಮಗು ಹೆದರೀತೆಂಬ ಅಳುಕು. ಬಿಡದಿದ್ದರೆ ಮಗು ಪುಕ್ಕಲಾದೀತೆಂಬ ಅಳುಕು. ಇವೆರಡರ ನಡುವೆ ನೆರೆಹೊರೆಯವರ ಮಾತು ಬೇರೆ. “ನಮ್ಮ ಹುಡುಗ ಮೂರು ವರ್ಷಕ್ಕೇ ಒಬ್ಬನೇ ನಿಲ್ಲುತ್ತಿದ್ದ” ಎಂಬ ಒಂದು ವಾಕ್ಯವು ಎಷ್ಟು ಮನೆಗಳ ನೆಮ್ಮದಿಯನ್ನು ಕೆಡಿಸಿದೆಯೋ ಹೇಳಲಾಗದು.

ಅಂಗಸಾಧನೆ ಈ ನಾಡಿಗೆ ಹೊಸದೇನೂ ಅಲ್ಲ. ಕೋಟಿ ಚೆನ್ನಯರ ಗರಡಿಗಳು ಇಂದು ಆರಾಧನೆಯ ಸ್ಥಾನಗಳಾಗಿದ್ದರೂ, ಗರಡಿಯೆಂಬ ಹೆಸರೇ ಸಾಮು ಕಸರತ್ತುಗಳ ನೆನಪನ್ನು ಉಳಿಸಿಕೊಂಡಿದೆ. ಯಕ್ಷಗಾನದ ಪೂರ್ವರಂಗವನ್ನು ನೋಡಿದವರು ಕೋಡಂಗಿ ಮತ್ತು ಬಾಲಗೋಪಾಲರ ವೇಷಗಳನ್ನು ಬಲ್ಲರು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರ ಪಾಲಿಗೆ ಬರುತ್ತಿದ್ದುದು ಈ ವೇಷಗಳೇ. ಚೌಕಿಯ ಮೂಲೆಯಲ್ಲಿ ಕುಳಿತು ಹಿರಿಯರು ಬಣ್ಣ ಹಾಕುವುದನ್ನೂ ಗೆಜ್ಜೆ ಕಟ್ಟುವುದನ್ನೂ ನೋಡಿ ನೋಡಿ ಆಮೇಲೆ ಹುಡುಗನು ರಂಗಕ್ಕೆ ಬರುತ್ತಿದ್ದನು. ಅವನು ನಾಲ್ಕು ವರ್ಷದ ಮಗುವಲ್ಲವೆಂಬುದು ನಿಜ. ಆದರೂ ಆ ಪದ್ಧತಿಯಲ್ಲಿ ನಾವು ಗಮನಿಸತಕ್ಕ ಒಂದಂಶವಿದೆ. ಕುಣಿಯುವುದಕ್ಕೆ ಮೊದಲು ಸುಮ್ಮನೆ ನೋಡುತ್ತ ಕುಳಿತಿರಲು ಅಲ್ಲಿ ಅವಕಾಶವಿತ್ತು. ಇಂದಿನ ತರಗತಿಗಳಲ್ಲಿ ಶುಲ್ಕ ಕಟ್ಟಿದ ಮೊದಲ ದಿನವೇ ಮಗು ಸಾಲಿನಲ್ಲಿ ನಿಂತು ನೆಗೆಯಬೇಕು. ಎರಡು ದಿನ ಗೋಡೆಗೆ ಒರಗಿ ನೋಡುತ್ತ ನಿಂತ ಮಗುವನ್ನು ಕಂಡರೆ ತಾಯಿಗೂ ನಾಚಿಕೆ, ಗುರುವಿಗೂ ಬೇಸರ.

ಇನ್ನೊಂದು ಮಾತು. ಹಿಂದಿನ ಅಳಿಯಸಂತಾನದ ದೊಡ್ಡ ಮನೆಗಳಲ್ಲಿ ತಾಯಿ, ಅಜ್ಜಿ, ದೊಡ್ಡಮ್ಮ, ಮಾವಂದಿರು ಒಂದೇ ಮಾಡಿನ ಕೆಳಗೆ ಇರುತ್ತಿದ್ದರು. ಮಗು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಹೋಗುತ್ತ ಹೋಗುತ್ತ, ತಾಯಿ ಕಣ್ಣಿಗೆ ಕಾಣದಿದ್ದರೂ ಲೋಕವು ಮುಳುಗುವುದಿಲ್ಲವೆಂಬುದನ್ನು ತಾನಾಗಿ ಕಲಿಯುತ್ತಿತ್ತು. ಮೂರನೆಯ ಮಹಡಿಯ ಮನೆಯಲ್ಲಿ ತಾಯಿತಂದೆ ಇಬ್ಬರ ಮುಖವನ್ನೇ ನೋಡಿ ಬೆಳೆದ ಮಗುವಿಗೆ ಆ ಅಭ್ಯಾಸವಿಲ್ಲ. ಅದು ಅಳುವುದಾದರೆ ಅದನ್ನು ಹೇಡಿತನವೆಂದು ಕರೆಯುವುದು ಅನ್ಯಾಯ.

ಹಾಗಾದರೆ ಎಷ್ಟನೆಯ ವಯಸ್ಸಿಗೆ ಬಿಡಬಹುದು? ವಯಸ್ಸನ್ನು ಕೇಳುವವರಿಗೆ ಒಂದೆರಡು ಸಂಗತಿಗಳನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ. ತ್ರಿಪುರದ ದೀಪಾ ಕರ್ಮಾಕರ್ ಅವರು ಅಭ್ಯಾಸವನ್ನು ಆರಂಭಿಸಿದ್ದು ಆರನೆಯ ವಯಸ್ಸಿನಲ್ಲಿ. 2016ರ ರಿಯೊ ಒಲಿಂಪಿಕ್ಸಿನಲ್ಲಿ ವಾಲ್ಟ್ ಸ್ಪರ್ಧೆಯಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಬಂದಿತು. 1976ರಲ್ಲಿ ರುಮೇನಿಯದ ನಾದಿಯಾ ಕೊಮನೆಚಿ ಹದಿನಾಲ್ಕನೆಯ ವಯಸ್ಸಿಗೆ ಪೂರ್ಣ ಹತ್ತು ಅಂಕ ಪಡೆದುದು ನಿಜವಾದರೂ, 1997ರಿಂದ ಈಚೆಗೆ ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹದಿನಾರು ತುಂಬುವ ವರ್ಷಕ್ಕೆ ಮೊದಲು ಹುಡುಗಿಯರಿಗೆ ಪ್ರವೇಶವೇ ಇಲ್ಲ. ಆದಕಾರಣ ಮೂರೂವರೆ ವರ್ಷಕ್ಕೆ ಮಗುವನ್ನು ಅವಸರದಿಂದ ನೂಕುವುದರಲ್ಲಿ ಏನೂ ಲಾಭವಿಲ್ಲ. ಪಂಚಾಂಗವನ್ನು ಬಿಟ್ಟು ಮಗುವನ್ನು ನೋಡುವುದು ಲೇಸು.

ನೋಡುವುದೆಂದರೆ ಏನನ್ನು? ಬಹುಮಂದಿ ಅಳುವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಅತ್ತರೆ ಸಿದ್ಧವಿಲ್ಲ, ಅಳದಿದ್ದರೆ ಸಿದ್ಧ ಎಂಬುದು ಅವರ ಲೆಕ್ಕ. ಇದು ಸರಿಯಲ್ಲ. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಎರಡು ವರ್ಷದ ಹುಡುಗಿಯೊಬ್ಬಳು ತಾಯಿಯಿಲ್ಲದೆ ಆಸ್ಪತ್ರೆಯಲ್ಲಿ ಕಳೆದ ದಿನಗಳ ಚಲನಚಿತ್ರವನ್ನು ತೋರಿಸಿದರು. ಹುಡುಗಿ ಹೆಚ್ಚಾಗಿ ಅಳಲೇ ಇಲ್ಲ. ಆದರೆ ಅವಳ ಮೌನವು ಸಮಾಧಾನವಲ್ಲ, ಬಿಗಿಹಿಡಿದ ದುಃಖವೆಂಬುದನ್ನು ಆ ಚಿತ್ರವು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಮಕ್ಕಳ ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಎಡೆ ದೊರೆಯುವಂತಾದುದಕ್ಕೆ ಅದೂ ಒಂದು ಕಾರಣ. ಅನಂತರ ಅಮೆರಿಕದಲ್ಲಿ ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ಒಂದು ವರ್ಷದ ಆಸುಪಾಸಿನ ಶಿಶುಗಳನ್ನು ತಾಯಿಯಿಂದ ಕೆಲವು ನಿಮಿಷ ಬೇರ್ಪಡಿಸಿ ಪರೀಕ್ಷಿಸಿದರು. ತಾಯಿ ಹೊರಟಾಗ ಶಿಶು ಅತ್ತಿತೋ ಇಲ್ಲವೋ ಎಂಬುದಕ್ಕಿಂತಲೂ, ತಾಯಿ ಮರಳಿದಾಗ ಅದು ಅವಳನ್ನು ಹೇಗೆ ಬರಮಾಡಿಕೊಂಡಿತು, ಎಷ್ಟು ಬೇಗ ತಣಿದು ಆಟಕ್ಕೆ ತಿರುಗಿತು ಎಂಬುದನ್ನು ಅವರು ಮುಖ್ಯವೆಂದು ಎಣಿಸಿದರು. ನಮ್ಮ ನಾಲ್ಕು ವರ್ಷದ ಮಗುವಿಗೂ ಇದೇ ದೃಷ್ಟಿಯನ್ನು ಅನ್ವಯಿಸಬಹುದು. ಬಾಗಿಲಲ್ಲಿ ಅತ್ತು, ಐದು ನಿಮಿಷದಲ್ಲಿ ಮರೆತು, ಮನೆಗೆ ಬರುವಾಗ ದಾರಿಯುದ್ದಕ್ಕೂ ಹರಟುವ ಮಗು ಸಿದ್ಧವಾಗಿದೆ. ಅಳದೆ, ಆಡದೆ, ಮೂಲೆಯಲ್ಲಿ ನಿಂತು, ಮನೆಗೆ ಬಂದಮೇಲೆ ಉಣ್ಣದೆ, ರಾತ್ರಿ ಬೆಚ್ಚಿಬೀಳುವ ಮಗು ಸಿದ್ಧವಾಗಿಲ್ಲ, ಗುರುಗಳು ಅದನ್ನು ಎಷ್ಟೇ ಹೊಗಳಲಿ.

ಮಗು ಆಟದಲ್ಲಿ ಮೈಮರೆತಿರುವಾಗ ಹಿಂಬಾಗಿಲಿಂದ ಕಳ್ಳನಂತೆ ಜಾರಿಕೊಳ್ಳುವ ಚಾಳಿಯೊಂದಿದೆ. ಇದಕ್ಕಿಂತ ಕೆಟ್ಟ ಉಪಾಯವಿಲ್ಲ. ಒಮ್ಮೆ ಹೀಗೆ ಮೋಸಹೋದ ಮಗು ಮರುದಿನದಿಂದ ಲಾಗ ಹಾಕುವುದನ್ನು ಬಿಟ್ಟು ಬಾಗಿಲನ್ನೇ ಕಾಯುತ್ತದೆ. ತೊಲೆಯ ಮೇಲೆ ನಡೆಯುವಾಗ ಬಾಗಿಲ ಕಡೆಗೆ ತಿರುಗಿದ ಕಣ್ಣು ಬೀಳುವುದಕ್ಕೆ ದಾರಿ.

ಇನ್ನು ಭಾಷೆಯ ವಿಷಯ. ಇದನ್ನು ಹೊರಗಿನವರು ಬರೆದ ಪುಸ್ತಕಗಳಲ್ಲಿ ಕಾಣಲಾರೆವು. ಆದರೆ ನಮ್ಮ ಕರಾವಳಿಯಲ್ಲಿ ಇದೇ ಮೊದಲು ಕೇಳತಕ್ಕ ಪ್ರಶ್ನೆ. ಕಾಪುವಿನ ಮಗು ಮನೆಯಲ್ಲಿ ತುಳುವನ್ನಾಡುತ್ತದೆ. ಕಾರ್ಕಳದ ಪೇಟೆಯ ಮಗು ಕೊಂಕಣಿಯನ್ನು. ಗುರುಗಳು ಕನ್ನಡದಲ್ಲಿಯೋ, ಮಣಿಪಾಲದಲ್ಲಾದರೆ ಇಂಗ್ಲಿಷಿನಲ್ಲಿಯೋ ಆಜ್ಞೆ ಮಾಡುತ್ತಾರೆ. “ಹೇಳಿದ ಮಾತು ಕೇಳುವುದಿಲ್ಲ, ಇನ್ನೂ ಚಿಕ್ಕದು” ಎಂದು ಹಿಂದಕ್ಕೆ ಕಳುಹಿಸಿದ ಮಗುವಿಗೆ ಮಾತೇ ತಿಳಿದಿರಲಾರದು. ಇದಕ್ಕಿಂತ ಹೆಚ್ಚಿನ ಅಪಾಯ ಮತ್ತೊಂದು ಕಡೆಯಿಂದ ಇದೆ. ನೋವಾದಾಗ ಮಗು “ಬೇನೆ ಆಪುಂಡು” ಎಂದೋ “ದುಕ್ತಾ” ಎಂದೋ ಕೂಗುತ್ತದೆ. ಸಾಕೆನಿಸಿದಾಗ “ಯಾವು” ಎಂದೋ “ಪುರೊ” ಎಂದೋ ಹೇಳುತ್ತದೆ. ಕಾಲನ್ನು ಅಗಲಿಸಿ ಹಿಡಿದ ಗುರುವಿಗೆ ಈ ಮಾತುಗಳು ತಿಳಿಯಬೇಡವೆ? ಆದ್ದರಿಂದ ತಾಯಿಯಿಲ್ಲದೆ ನಿಲ್ಲುವ ಮಗುವಿಗೆ ಮೂರು ಮಾತು ಗುರುವಿನ ಭಾಷೆಯಲ್ಲಿ ಬರಬೇಕು: ನೋವಾಗುತ್ತದೆ, ಸಾಕು, ಮೂತ್ರಕ್ಕೆ ಹೋಗಬೇಕು. ಈ ಮೂರನ್ನು ಅಪರಿಚಿತರೆದುರು ದನಿಯೆತ್ತಿ ಹೇಳಲಾರದ ಮಗುವಿಗೆ ಬೇರೆಲ್ಲ ಯೋಗ್ಯತೆಯಿದ್ದರೂ ನಾವು ಒಂಟಿಯಾಗಿ ಬಿಡಲು ಒಪ್ಪೆವು.

ವಿಧೇಯತೆಯನ್ನೂ ತಕ್ಕಮಟ್ಟಿಗೆ ನೋಡಬೇಕು. ಅಂಗಳದಲ್ಲಿ ಓಡುತ್ತಿರುವ ಮಗುವಿಗೆ “ನಿಲ್ಲು” ಎಂದರೆ ನಿಲ್ಲುವುದೆ? ಉಯ್ಯಾಲೆಗೆ ನಾಲ್ಕು ಮಕ್ಕಳಿರುವಾಗ ತನ್ನ ಸರದಿಯನ್ನು ಕಾಯುವುದೆ? ಇದು ಕೇವಲ ಶಿಸ್ತಿನ ಪ್ರಶ್ನೆಯಲ್ಲ. ಚಿಕ್ಕ ಮಗುವಿನ ತಲೆ ದೇಹದ ಅಳತೆಗೆ ದೊಡ್ಡದು, ತೋಳು ಗಿಡ್ಡ. ಕೈಗಳನ್ನು ಮೇಲಕ್ಕೆತ್ತಿದರೂ ಅವು ನೆತ್ತಿಯನ್ನು ಹೆಚ್ಚು ದಾಟುವುದಿಲ್ಲ. ಲಾಗ ಹಾಕುವಾಗ ಗಲ್ಲವನ್ನು ಎದೆಗೆ ಒತ್ತದಿದ್ದರೆ ಭಾರವೆಲ್ಲ ಕತ್ತಿನ ಮೇಲೆ ಬೀಳುವುದು. ಗುರುವು ಬೇರೊಂದು ಮಗುವನ್ನು ಹಿಡಿದುಕೊಂಡಿರುವ ಆ ಅರ್ಧ ನಿಮಿಷ ಸುಮ್ಮನೆ ನಿಲ್ಲಬಲ್ಲ ಮಗುವಿಗೆ ಮಾತ್ರ ಇದನ್ನು ಕ್ಷೇಮವಾಗಿ ಕಲಿಸಲು ಸಾಧ್ಯ.

ಮಗುವನ್ನು ಪರೀಕ್ಷಿಸಿದ ಮೇಲೆ ಶಾಲೆಯನ್ನೂ ಪರೀಕ್ಷಿಸಬೇಕಷ್ಟೆ. ಬಿದ್ದರೆ ತಡೆಯುವ ಮ್ಯಾಟು ಇದೆಯೆ, ಒಬ್ಬ ಗುರುವಿಗೆ ಎಷ್ಟು ಮಕ್ಕಳು, ಶೌಚಕ್ಕೆ ಕರೆದೊಯ್ಯುವವರು ಯಾರು, ಸಂಜೆ ಮಗುವನ್ನು ಯಾರ ಕೈಗೆ ಕೊಡುತ್ತಾರೆ, ಇವನ್ನು ಸಂಕೋಚವಿಲ್ಲದೆ ಕೇಳತಕ್ಕದ್ದು. ತಾಯಿತಂದೆಗಳು ಯಾವಾಗ ಬಂದರೂ ಒಳಗೆ ನೋಡಲು ಎಡೆಯಿರಬೇಕು. ನಾವು ದೂರ ಇರುವುದು ಬೇರೆ. ನಮ್ಮನ್ನು ದೂರ ಇಡುವುದು ಬೇರೆ.

ಅಂಗಸಾಧನೆಯಲ್ಲಿ ಗುರುವು ಮಗುವಿನ ಸೊಂಟವನ್ನೂ ಬೆನ್ನನ್ನೂ ಹಿಡಿದು ಆಸರೆ ಕೊಡದೆ ನಿರ್ವಾಹವಿಲ್ಲ. ಸಂಗೀತದ ಪಾಠಕ್ಕೂ ಇದಕ್ಕೂ ಇರುವ ಭೇದ ಇದೇ. ಯಾವ ಸ್ಪರ್ಶವು ಆಸರೆ, ಯಾವುದು ಅಲ್ಲ ಎಂಬುದನ್ನು ಮನೆಯಲ್ಲಿ ಮೊದಲೇ ಸರಳವಾಗಿ ತಿಳಿಸಬೇಕು. ಮಾತು ಅಹಿತವಾದರೂ ಆಡಲೇಬೇಕು. ಅಮೆರಿಕದ ಅಂಗಸಾಧನೆಯ ತಂಡಕ್ಕೆ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬವನಿಗೆ 2018ರ ಜನವರಿಯಲ್ಲಿ ಶಿಕ್ಷೆಯಾದಾಗ, 150ಕ್ಕೂ ಹೆಚ್ಚು ಮಂದಿ ಹೆಂಗಸರೂ ಹುಡುಗಿಯರೂ ತಮಗಾದ ಅನ್ಯಾಯವನ್ನು ನ್ಯಾಯಾಲಯದಲ್ಲಿ ಹೇಳಿದರು. ಕೆಲವರ ತಾಯಂದಿರು ಅದೇ ಕೋಣೆಯಲ್ಲಿದ್ದರು! ಹಾಗಾಗಿ ತಾಯಿ ಕುಳಿತಿದ್ದಾಳೆಂಬ ಒಂದರಿಂದಲೇ ಮಗು ಕ್ಷೇಮವೆಂದು ಎಣಿಸುವಂತಿಲ್ಲ. ನಡೆದುದನ್ನು ಮಗು ಮನೆಯಲ್ಲಿ ಹೇಳಬಲ್ಲುದೆ, ಹೇಳಿದರೆ ಮನೆಯವರು ನಂಬುವರೆ ಎಂಬುದೇ ದೊಡ್ಡ ಪ್ರಶ್ನೆ. ನಮ್ಮ ದೇಶದಲ್ಲಿ ಇಂಥ ಅಪರಾಧಗಳಿಗಾಗಿ 2012ರ ಪೋಕ್ಸೊ ಕಾಯಿದೆ ಇದೆ. ಆದರೆ ಕಾಯಿದೆಯವರೆಗೆ ಮಾತು ತಲುಪಬೇಕಾದರೆ ಮೊದಲು ಊಟದ ಹೊತ್ತಿನಲ್ಲಿ ಮಗುವಿನ ಮಾತನ್ನು ಯಾರಾದರೂ ಕೇಳಿಸಿಕೊಂಡಿರಬೇಕು.

ಕಡೆಗೆ ಬಸ್ಸಿನ ಮಾತು. ಕಾಪುವಿನಿಂದ ಉಡುಪಿಗೆ ಸುಮಾರು 13 ಕಿಲೋಮೀಟರು. ಕಾರ್ಕಳದಿಂದ ಅದರ ಎರಡರಷ್ಟಕ್ಕಿಂತ ಹೆಚ್ಚು. ಅಷ್ಟು ದೂರದಿಂದ ಬಂದ ತಾಯಿ ಹೇಗೂ ಊರಿಗೆ ಹೋಗಿಬರುವಂತಿಲ್ಲ. ಮಳೆಗಾಲದಲ್ಲಿ ಜಗಲಿಯಲ್ಲಿಯೇ ಕೊಡೆ ಹಿಡಿದು ಕಾಯುವಳು. ಅವಳಿಗೆ ಇದು ಅನುಕೂಲವೇ ಆದೀತು. ಮೊದಲ ವಾರ ಒಳಗೆ ಗೋಡೆಯ ಪಕ್ಕದಲ್ಲಿ, ಮರುವಾರ ಬಾಗಿಲ ಹೊರಗೆ ಕಾಣುವಂತೆ, ಆಮೇಲೆ ಕಾಣದ ಕಡೆ ಕುಳಿತು ಮಗುವಿಗೆ ಹೇಳಿಯೇ ಒಂದೊಂದು ಹೆಜ್ಜೆ ಹಿಂದೆ ಸರಿಯಬಹುದು. ಕೆಲಸದಿಂದ ಅರ್ಧ ಗಂಟೆಯ ಬಿಡುವನ್ನು ಕಷ್ಟದಿಂದ ಪಡೆದು ಬರುವ ಮಣಿಪಾಲದ ತಂದೆಗೆ ಇಷ್ಟು ಸಾವಕಾಶವಿರದು. ಅವನು ಅಜ್ಜನನ್ನೋ ಅತ್ತೆಯನ್ನೋ ಕೆಲವು ದಿನ ಕೂರಿಸಲಿ. ಅದೂ ಆಗದಿದ್ದರೆ ಆರು ತಿಂಗಳು ತಡೆದು ಸೇರಿಸಲಿ. ಅಷ್ಟರವರೆಗೆ ಸಂಜೆ ಮಲ್ಪೆಯ ಮರಳಿನ ಮೇಲೆ ಅಥವಾ ಅಜ್ಜರಕಾಡಿನ ಹುಲ್ಲಿನ ಮೇಲೆ ಮಗು ಓಡಿ, ಉರುಳಿ, ಎದ್ದು, ಮತ್ತೆ ಓಡಲು ಯಾರ ಅಪ್ಪಣೆಯೂ ಬೇಕಿಲ್ಲ, ಶುಲ್ಕವೂ ಇಲ್ಲ.